ನಮ್ಮ ಊರಾಗ ಹಳೇ ಗಾಡಿ ಮೇಳ ಮಾಡೋದು ಹೆಂಗ

ಖಂಡೇ ಪೂಜಾ ದಿನ ಮುಂಜಾನೆ ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜ್ ಸಾಲಿನ್ಯಾಗ ಒಮ್ಮೆ ಅಡ್ಡಾಡಿದವರಿಗೆ ನಾ ಏನು ಹೇಳಾಕತ್ತೀನಿ ಅನ್ನೋದು ಲಗೂನ ತಿಳಿತೈತಿ. ಪಾನಾ, ಜಾಕು, ವೆಲ್ಡಿಂಗ್ ಮಷೀನಿಗೆ ಕುಂಕುಮ ಹಚ್ಚಿ, ಗಾಡಿ ತೊಳದು, ಬಾನೆಟ್ಟಿಗೆ ಚೆಂಡುಹೂವಿನ ಮಾಲಿ ಹಾಕಿ, ಬಂಪರಿಗೆ ಎರಡೂ ಕಡೆ ಬಾಳಿಕಂಬ ಕಟ್ಟಿ, ಗಾಲಿ ಕೆಳಗ ಲಿಂಬಿಹಣ್ಣು ಇಟ್ಟು ರಸ್ತೆಗುಂಟ ನಿಂದ್ರಸ್ತಿದ್ರು, ನಾವು ಹುಡುಗ್ರು ಒಂದೊಂದು ಗ್ಯಾರೇಜಿಗೂ ಹೋಗಿ ಚುರಮರಿ ಪ್ರಸಾದ ತಿನ್ಕೋತ ಗಾಡಿ ನೋಡ್ತಿದ್ವಿ. ನಮಗ ಅದ ಕಾರ್ ಶೋ. ಬ್ಯಾರೆ ಕಡೆ ಇದಕ್ಕ ಅಂತನ ದೊಡ್ಡ ಶೋ ನಡಿತಾವು ಅನ್ನೋದು ಗೊತ್ತಾಗಿದ್ದು ನಮ್ಮ ಕಾಕಾನ ಗ್ಯಾರೇಜಿನ ಗ್ವಾಡಿಯಿಂದ.

ಕಾಕಾ ರದ್ದಿ ಅಂಗಡ್ಯಾಗ ತೂಕಕ್ಕ ಇಂಗ್ಲಿಷ್ ಪುಸ್ತಕ ತರ್ತಿದ್ದ, ಓದಾಕಲ್ಲ, ಚಿತ್ರಕ್ಕ. ಅದರಾಗಿನ ಅಮೆರಿಕದ ಕಾರ್ ಶೋದ ಒಂದು ಹಾಳಿ ಹರದು ವೈಸ್ ಮ್ಯಾಲಿನ ಗ್ವಾಡಿಗೆ ಅಂಟಿಸಿದ್ದ. ಮಡ್‌ಗಾರ್ಡ್ ಇಲ್ಲದ ಒಂದು ಕೆಂಪು ಫೋರ್ಡ್, ಎಂಜಿನ್ ಹೊರಗ ಕಾಣ್ತೈತಿ, ಬಾನೆಟ್ಟಿನ ಮೂಗಿನಿಂದ ಬಾಗಲದ ತನಕಾ ಹಳದಿ ಬೆಂಕಿ ನಾಲಿಗಿ ಬಿಡಸ್ಯಾರ. ಎಣ್ಣಿ ಕೈ ಹತ್ತಿ ಹತ್ತಿ ಹಾಳಿ ಅಂಚು ಕರ್ರಗ ಆಗಿತ್ತು. 1986ರ ಸುಮಾರು ಕಾಕಾ ತನ್ನ ವಿಲ್ಲಿಸ್ ಜೀಪಿಗೆ ಟೆಂಪೋ ಬೋರ್ಡ್ ಬರೆಯೋ ಪೇಂಟರ್ ಕಡೆಯಿಂದ ಬಾನೆಟ್ಟಿನ ಎರಡೂ ಬಾಜೂಕ ಹಳದಿ ಗೆರಿ ಎಳಿಸಿ, ಹೆಡ್‌ಲೈಟ್ ಹಿಂದ ಒಂದೊಂದು ಸಣ್ಣ ಬೆಂಕಿ ನಾಲಿಗಿ ಬರೆಸಿದ. ಆ ವರ್ಷ ಖಂಡೇ ಪೂಜಾಕ್ಕ ಬ್ಯಾರೆ ಓಣಿಯಿಂದನೂ ಮಂದಿ ಆ ಜೀಪ್ ನೋಡಾಕ ಬಂದ್ರು.

ಆ ಶೋಗಳ ನೆನಪು ಇಟ್ಕೊಂಡು ನಾವು ಗೆಳೆಯರು ಕೂಡಿ ಊರಾಗ ಸಣ್ಣ ಮೇಳ ಮಾಡಾಕತ್ತೀವಿ, ಮೊದಲ ಸಲ 14 ಗಾಡಿ ಬಂದಿದ್ವು. ಗದಗ, ಹಾವೇರಿ, ರಾಣೆಬೆನ್ನೂರ ಕಡೆಯವರು "ಅಣ್ಣಾರ, ನಾವೂ ಮಾಡಬೇಕ್ರಿ, ಹೆಂಗ ಶುರು ಮಾಡೋದು" ಅಂತ ಕೇಳಾಕತ್ತಾರ, ಅದಕ್ಕ ಗೊತ್ತಿದ್ದಷ್ಟು ಇಲ್ಲಿ ಬರಿಯಾಕತ್ತೀನಿ.

ಮೊದಲ ಆ ಶೋ ಎಲ್ಲಿಂದ ಬಂತು ಅನ್ನೋದು ಸ್ವಲ್ಪ ತಿಳ್ಕೋರಿ, ಯಾಕಂದ್ರ ಅದು ತಿಳದ್ರ ನಿಮ್ಮ ಮೇಳದಾಗ ಏನು ಇಡಬೇಕು ಏನು ಬಿಡಬೇಕು ಅನ್ನೋದು ತಾನ ಗೊತ್ತಾಗ್ತೈತಿ. ಅಮೆರಿಕದಾಗ ಫೋರ್ಡ್ ಮಾಡೆಲ್ ಟಿ 1908ರಿಂದ 1927ರ ತನಕಾ ಒಂದೂವರೆ ಕೋಟಿ ತಯಾರಾಗಿದ್ವು, ಹಂಗಾಗಿ ಹಳೇ ಗಾಡಿ ಭಾಳ ಸೋವಿ ಸಿಗ್ತಿದ್ವು. 1932ರಾಗ ಫೋರ್ಡ್ ಕಂಪನಿ ಸಾದಾ ಮಂದಿ ತಗೊಳ್ಳೋ ಕಾರಿಗೆ 65 ಹಾರ್ಸ್ ಪವರಿನ ವಿ8 ಎಂಜಿನ್ ಕೂಡ್ರಿಸ್ತು. ಕೈಯಾಗ ರೊಕ್ಕ ಇಲ್ಲದ ಹುಡುಗ್ರು ಗುಜರಿಯಿಂದ ಬಾಡಿ ಒಂದು ಕಡೆ, ಎಂಜಿನ್ ಒಂದು ಕಡೆ ತಂದು, ತೂಕ ಇಳಿಸಾಕ ಮಡ್‌ಗಾರ್ಡ್, ಬಂಪರ್ ಎಲ್ಲಾ ಬಿಚ್ಚಿ ಒಗದು ಕ್ಯಾಲಿಫೋರ್ನಿಯಾದ ಮ್ಯೂರಾಕ್, ಎಲ್ ಮಿರಾಜ್ ಅನ್ನೋ ಒಣ ಕೆರಿ ಅಂಗಳದಾಗ ಓಡಸ್ತಿದ್ರು. ಆ ಓಟಕ್ಕ ಒಂದು ಶಿಸ್ತು ಇರ್ಲಿ ಅಂತ 1937ರಾಗ ಅಲ್ಲಿಯ ಕ್ಲಬ್‌ಗಳು ಕೂಡಿ ಒಂದು ಸಂಘ ಕಟ್ಟಿದ್ವು. ಎರಡನೇ ಮಹಾಯುದ್ಧ ಮುಗದು ಮಿಲಿಟರಿಯಿಂದ ಮನಿಗೆ ಬಂದ ಹುಡುಗ್ರಿಗೆ ವೆಲ್ಡಿಂಗು, ಲೇತು, ಎಂಜಿನ್ ಕೆಲಸ ಎಲ್ಲಾ ಕೈಗೆ ಬಂದಿತ್ತು, ಆವಾಗ ಇದು ಇನ್ನೂ ಜೋರಾತು. 1948ರ ಜನೇವರಿಯಾಗ ಲಾಸ್ ಏಂಜಲಿಸ್ಸಿನ ಆರ್ಮರಿ ಕಟ್ಟಡದಾಗ ಹಾಟ್ ರಾಡ್, ಅಂದ್ರ ಹಿಂಗ ಬಿಚ್ಚಿ ಜೋರು ಓಡೋ ಹಂಗ ಮಾಡಿದ ಹಳೇ ಕಾರುಗಳ ಪ್ರದರ್ಶನ ಆತು, 1950ರಾಗ ಓಕ್‌ಲ್ಯಾಂಡಿನ ರೋಡ್‌ಸ್ಟರ್ ಶೋ ಶುರುವಾತು, ಅಲ್ಲಿ ಗೆದ್ದವರಿಗೆ ಆಳೆತ್ತರಕ್ಕಿಂತ ದೊಡ್ಡದು ಒಂಬತ್ತು ಫೂಟಿನ ಟ್ರೋಫಿ, 1953ರಿಂದ ಡೆಟ್ರಾಯಿಟ್ಟಿನ ಆಟೋರಾಮಾ ಶೋ. ಜಾರ್ಜ್ ಬ್ಯಾರಿಸ್ ಅಂಥವರು ಕಾರಿನ ಛತ್ತು ಕೊಯ್ದು ಕೆಳಗ ಇಳಿಸಿ, ಸಂದು ಸಂದಿನ್ಯಾಗ ಸೀಸ ಕರಗಿಸಿ ತುಂಬಿ ನುಣ್ಣಗ ಮಾಡ್ತಿದ್ರು, ಜೋ ಬೈಲನ್ ಸಕ್ಕರಿ ಪಾಕ ಹಚ್ಚಿದಂಗ ಹೊಳಿಯೋ ಕೆಂಪು ಬಣ್ಣ ತಂದ, ವಾನ್ ಡಚ್ ಅನ್ನೋ ಹೆಸರಿನ ಪೇಂಟರ್ ಕೈಗೆರಿ ನೋಡಾಕಂತನ ಮಂದಿ ಕೂಡ್ತಿತ್ತು. ಶೋದಾಗ ಕಾರಿನ ಕೆಳಗ ಕನ್ನಡಿ ಹಾಸಿ ತಳದ ಕೆಲಸನೂ ಕಾಣೋ ಹಂಗ ಇಡ್ತಿದ್ರು.

ಈ ಕತಿಯಾಗ ನನಗ ಹಿಡಿಸಿದ್ದು ಒಂದ. ಗಾಡಿ ಮಾಡಿದವ ಗಾಡಿ ಬಾಜೂಕ ನಿಂತಿರ್ತಿದ್ದ, ಸಣ್ಣ ಹುಡುಗ ಬಂದು "ಇದನ್ನ ಹೆಂಗ ಮಾಡಿದ್ರಿ" ಅಂತ ಕೇಳಿದ್ರ ಹೇಳ್ತಿದ್ದ. ಕಾಕಾನ ಗ್ಯಾರೇಜಿನ್ಯಾಗೂ ಹಂಗ ಇತ್ತು. ನಮ್ಮ ಮೇಳನೂ ಹಂಗ ಇರಬೇಕಂತ ನನ್ನ ಹಟ, ಮುಂದ ಹೇಳೋದೆಲ್ಲಾ ಅದರ ಮ್ಯಾಲ ನಿಂತೈತಿ.

ಗಾಡಿ ಹುಡುಕೋದು

ವಿಂಟೇಜ್ ಅಂದ್ ಕೂಡ್ಲೆ ರಾಜರ ರೋಲ್ಸ್ ರಾಯ್ಸ್ ನೆನಸಬ್ಯಾಡ್ರಿ. ಅಂಥಾ ಗಾಡಿಗೆ ಕೋಲ್ಕತ್ತಾದಾಗ 1964ರಿಂದ ಸ್ಟೇಟ್ಸ್‌ಮನ್ ರ‍್ಯಾಲಿ ಐತಿ. ನಮ್ಮ ಕಡೆ ಶೆಡ್ಡಿನ್ಯಾಗ, ಕಣದ ಮೂಲ್ಯಾಗ, ದನದ ಕೊಟ್ಟಿಗಿ ಬಾಜೂಕ ತಾಡಪತ್ರಿ ಹೊದ್ಕೊಂಡು ನಿಂತಾವಲ್ಲ, ಅವು ಬೇಕು. ಫಿಯಾಟ್ 1100, ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲಿಸ್ ಇಲ್ಲಾ ಮಹೀಂದ್ರಾ ಜೀಪು, ಲ್ಯಾಂಬ್ರೆಟಾ, ಬಜಾಜ್ ಸ್ಕೂಟರ್, ರಾಜದೂತ್, ಮೈಸೂರಾಗ ತಯಾರಾದ ಜಾವಾ ಯೆಜ್ಡಿ. ಯೆಜ್ಡಿ ಫ್ಯಾಕ್ಟರಿ 1996ರಾಗ ಬಂದ್ ಆದ್ರೂ ನಮ್ಮ ಹಳ್ಳಿ ಕಡೆ ಇನ್ನೂ ಓಡಾಕತ್ತಾವು, ಕಿಕ್ ಹೊಡಿಯೋ ರಾಡನ್ನ ಹೊಳ್ಳಿಸಿ ಗೇರ್ ಮಾಡ್ಕೊಳ್ಳೋದು ನೋಡಿದ್ರ ಈಗಿನ ಹುಡುಗ್ರು ಬಾಯಿ ತಕ್ಕೊಂಡು ನಿಂದಿರ್ತಾರ. ಟ್ರ್ಯಾಕ್ಟರ್ ಬಿಡಬ್ಯಾಡ್ರಿ. ಹಾವೇರಿ ಕಡೆ ಮೇಳ ಮಾಡೋರಂತೂ ಟ್ರ್ಯಾಕ್ಟರ್ ಇಲ್ಲದ ಮಾಡಬ್ಯಾಡ್ರಿ.

ಹುಡುಕೋ ದಾರಿ ಅಂದ್ರ ಹಳೇ ಮೆಕ್ಯಾನಿಕ್. ಊರಾಗ ಯಾರ ಮನ್ಯಾಗ ಯಾವ ಗಾಡಿ ನಿಂತೈತಿ, ಯಾವ ಕಾರಣಕ್ಕ ನಿಂತೈತಿ, ಅದರ ಡೈನಮೋ ಬಿಚ್ಚಿ ಯಾರಿಗೆ ಕೊಟ್ರು, ಎಲ್ಲಾ ಅವರ ತಲ್ಯಾಗ ಇರ್ತೈತಿ. ಎರಡನೇದು ಕುಶನ್ ಕೆಲಸದವರು. ಮೂರನೇದು ಬ್ಯಾಟರಿ ಅಂಗಡಿ. ಮನಿಗೆ ಹೋದಾಗ ಮೊದಲ "ಮಾರ್ತೀರಿ ಏನ್ರಿ" ಅಂತ ಕೇಳಬ್ಯಾಡ್ರಿ, ಅಲ್ಲಿಗೆ ಮಾತು ಮುಗಿತೈತಿ. "ಅಜ್ಜಾರ, ಈ ಗಾಡಿ ಯಾವಾಗ ತಂದ್ರಿ, ಮೊದಲ ಎಲ್ಲಿಗೆ ಹೋಗಿದ್ರಿ" ಅಂತ ಕೇಳ್ರಿ. ಧಾರವಾಡದ ಒಬ್ಬ ಅಜ್ಜಾರು ನಮಗ ಎರಡು ತಾಸು ಅಂಬಾಸಿಡರಿನ್ಯಾಗ ಪಂಢರಪುರಕ್ಕ ಒಂಬತ್ತು ಮಂದಿ ಹೋದ ಕತಿ ಹೇಳಿ, ಚಹಾ ಕುಡಿಸಿ, ಕಡಿಗೆ ತಾವ "ಇದನ್ನ ಚಾಲೂ ಮಾಡ್ಕೊಟ್ರ ನಾನ ಹೊಡಕೊಂಡು ಬರ್ತೀನಿ" ಅಂದ್ರು.

ಮುಟ್ಟೋಕಿಂತ ಮೊದಲ ಫೋಟೋ

ಇದನ್ನ ದಯವಿಟ್ಟು ಕೇಳ್ರಿ. ಧೂಳು ಝಾಡಸೋಕಿಂತ ಮೊದಲ ಗಾಡಿ ಎಲ್ಲಾ ಕಡೆಯಿಂದ ಫೋಟೋ ತಗೀರಿ. ಡ್ಯಾಶ್‌ಬೋರ್ಡ್, ಸೀಟಿನ ಹೊಲಿಗಿ, ಹಿಂದಿನ ಕಾಜಿನ ಸ್ಟಿಕ್ಕರ್, ಮೈಸೂರು ರಾಜ್ಯ ಇದ್ದ ಕಾಲದ ಎಂವೈ ನಂಬರ್ ಪ್ಲೇಟು, ಪೇಂಟರ್ ಸಹಿ ಮಾಡಿದ ಮೂಲಿ, ಎಂಜಿನ್ ಒಳಗ ಯಾವ ವಾಯರ್ ಎಲ್ಲಿಗೆ ಹೋಗೈತಿ, ಎಲ್ಲಾ.

ಯಾಕ ಹೇಳ್ತೀನಂದ್ರ, ಕಾಕಾಗ ವಯಸ್ಸಾಗಿ ಗ್ಯಾರೇಜ್ ಮುಚ್ಚಿದ ಮ್ಯಾಲೆ ಆ ಜೀಪ್ ನನ್ನ ಕಡೆ ಬಂತು, ನಾನು ಚೆಂದ ಮಾಡಸ್ಬೇಕಂತ ಒಂದು ಪೇಂಟಿಂಗ್ ಶಾಪಿಗೆ ಬಿಟ್ಟೆ. ಗೆರಿ ಮುಟ್ಟಬ್ಯಾಡ್ರಿ ಅಂತ ಹೇಳಿ ಬಂದಿದ್ದೆ. ನಾಕು ದಿನ ಬಿಟ್ಟು ಹೋದ್ರ ಬಾನೆಟ್ಟು ತಗಡ ಕಾಣೋತನಕಾ ತಿಕ್ಕಿ ಪ್ರೈಮರ್ ಹೊಡದುಬಿಟ್ಟಿದ್ರು, ಹಳದಿ ಗೆರಿನೂ ಇಲ್ಲ ಬೆಂಕಿ ನಾಲಿಗಿನೂ ಇಲ್ಲ. ಕಾಕಾಗ ಹೆಂಗ ಹೇಳ್ಲಿ ಅಂತ ಒಂದು ವಾರ ಆ ಕಡೆ ಹೋಗಲಿಲ್ಲ. ನನ್ನ ಕಡೆ ಇದ್ದದ್ದು ಅಕ್ಕನ ಮದಿವ್ಯಾಗ ತಗದ ಒಂದ ಒಂದು ಫೋಟೋ, ಅದರಾಗೂ ಬಾನೆಟ್ಟಿನ ಮುಂದ ಬೀಗರು ನಿಂತಿದ್ರು.

ಹಂಗಾಗಿ ನನ್ನ ಅಭಿಪ್ರಾಯ ಏನಂದ್ರ, ಹಳೇ ಬಣ್ಣ ಮಾಸಿದ್ರೂ ಗಟ್ಟಿ ಕುಂತಿದ್ರ ಅದನ್ನ ಹಂಗ ಬಿಡ್ರಿ. ಮೆತ್ತನ ಬಟ್ಟಿ, ಶಾಂಪೂ ನೀರು, ಆಮ್ಯಾಲೆ ವ್ಯಾಕ್ಸ್, ಅಷ್ಟ ಸಾಕು. ಜಂಗು ಹಿಡದು ತೂತು ಬಿದ್ದಲ್ಲಿ ಮಾತ್ರ ಟಿಂಕರಿಂಗ್ ಮಾಡಸ್ರಿ, ಅದೂ ತೂತಿನ ಮ್ಯಾಲೆ ಪುಟ್ಟಿ ಮೆತ್ತೋದಲ್ಲ, ಜಂಗಿನ ತಗಡ ಕೊಯ್ದು ಹೊಸಾ ತಗಡ ಕೂಡ್ರಿಸಿ ಬೆಸಿಬೇಕು, ಪುಟ್ಟಿ ಕೆಳಗ ಜಂಗು ತಿನ್ಕೋತ ಹೋಗ್ತಿರ್ತೈತಿ, ಎರಡು ಮಳಿಗಾಲ ಆದ ಮ್ಯಾಲೆ ಮತ್ತ ಉಬ್ಬಿ ಬರ್ತೈತಿ.

ನಿಂತ ಎಂಜಿನ್ ಎಬ್ಬಸೋದು

ಬಹಳ ಮಂದಿ ಮಾಡೋ ತಪ್ಪು ಅಂದ್ರ ಹೊಸಾ ಬ್ಯಾಟರಿ ತಂದು, ಪೆಟ್ರೋಲ್ ಸುರದು, ಸೆಲ್ಫ್ ಹೊಡದುಬಿಡೋದು. ಹತ್ತು ವರ್ಷ ನಿಂತ ಎಂಜಿನ್ನಿಗೆ ಹಂಗ ಮಾಡಬ್ಯಾಡ್ರಿ. ಒಳಗ ಪಿಸ್ಟನ್ ರಿಂಗು ಸಿಲಿಂಡರ್ ಗ್ವಾಡಿಗೆ ಜಂಗಿನಿಂದ ಅಂಟಿರ್ತಾವು, ಒಮ್ಮೆಲೆ ತಿರುವಿದ್ರ ರಿಂಗ್ ಮುರಿತೈತಿ ಇಲ್ಲಾ ಸಿಲಿಂಡರಿಗೆ ಗೆರಿ ಬೀಳ್ತಾವು.

ಪ್ಲಗ್ ನಾಕೂ ಬಿಚ್ರಿ. ಬಿಚ್ಚೋಕಿಂತ ಮೊದಲ ಸುತ್ತಲಿನ ಮಣ್ಣು ಗಾಳಿ ಹೊಡದು ತಗೀರಿ, ಇಲ್ಲಾಂದ್ರ ಅದ ಒಳಗ ಬೀಳ್ತೈತಿ. ಒಂದೊಂದು ತೂತಿನ್ಯಾಗ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಬಟ್ಟಿ ತುಂಡು ತುರುಕಿ ಒಂದೆರಡು ದಿನ ಬಿಡ್ರಿ. ಭಾಳ ಬಿಗದಿದ್ರ ಒಂದು ವಾರ ಬಿಡ್ರಿ, ಅವಸರ ಬ್ಯಾಡ. ಆಮ್ಯಾಲೆ ಅಂಬಾಸಿಡರ್, ಜೀಪ್ ಇದ್ರ ಹ್ಯಾಂಡಲ್ ಹಾಕಿ ಕೈಲೆ ಮೆಲ್ಲಕ ತಿರುವ್ರಿ, ಹ್ಯಾಂಡಲ್ ಇಲ್ಲಾಂದ್ರ ಟಾಪ್ ಗೇರಿಗೆ ಹಾಕಿ ಗಾಡಿನ್ನ ಹಿಂದ ಮುಂದ ನೂಕ್ರಿ. ಗಾಡಿ ಅಲ್ಲಾಡಿದಂಗ ಎಂಜಿನ್ ಒಂದು ಕೂದಲೆಳಿ ತಿರುಗಿದ್ದು ಕೈಗೆ ಗೊತ್ತಾಗ್ತೈತಿ. ಪೂರಾ ಎರಡು ಸುತ್ತು ಎಲ್ಲೂ ತಡಿದಂಗ ತಿರುಗಿದ ಮ್ಯಾಲೆ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸಾ ಆಯಿಲ್ ಹಾಕ್ರಿ. ಇಳಿಸಿದ ಆಯಿಲ್ ಹಾಲಿನ ಚಹಾದ ಬಣ್ಣ ಇದ್ರ ಅದರಾಗ ನೀರು ಕೂಡೈತಿ ಅಂತ ತಿಳ್ಕೋರಿ, ಹೆಡ್ ಗ್ಯಾಸ್ಕೆಟ್ ನೋಡದ ಮುಂದ ಹೋಗಬ್ಯಾಡ್ರಿ.

ಇನ್ನ ಪೆಟ್ರೋಲ್ ಕಡೆ. ಟ್ಯಾಂಕಿನ್ಯಾಗಿನ ಹಳೇ ಪೆಟ್ರೋಲ್ ವಾರ್ನಿಶ್ ಆಗಿರ್ತೈತಿ, ಮುಚ್ಚಳ ತಗದ್ರ ಮೂಗಿಗೆ ಹುಳಿ ನಾತ ಬಡಿತೈತಿ. ಟ್ಯಾಂಕ್ ಇಳಿಸಿ ತೊಳಸ್ರಿ. ಇದನ್ನ ನಾ ಒಮ್ಮೆ ಬಿಟ್ಟಿದ್ದೆ, ಹೊಸಾ ಫಿಲ್ಟರ್ ಹಾಕೀನಿ ಸಾಕು ಅಂತ ಪದ್ಮಿನಿ ಹೊಡಕೊಂಡು ಧಾರವಾಡಕ್ಕ ಹೊಂಟೆ, ಉಣಕಲ್ ಕೆರಿ ದಾಟಿ ಸ್ವಲ್ಪ ದೂರಕ್ಕ ಕೆಮ್ಮಿ ನಿಂತುಬಿಡ್ತು. ರಸ್ತೆ ಬಾಜೂಕ ಕಾರ್ಬೊರೇಟರ್ ಬಿಚ್ಚಿದ್ರ ಬಟ್ಟಲ ತಳದಾಗ ಚಹಾಪುಡಿ ಹಂಗ ಕೆಂಪು ಜಂಗಿನ ಹುಡಿ ಕುಂತಿತ್ತು, ಅದರ ನಡುವ ಪೆಟ್ರೋಲ್ ಹಾಯೋ ಮೇನ್ ಜೆಟ್ಟು. ಆ ಜೆಟ್ಟಿನ ತೂತು ಸೂಜಿ ಮೊನಿಗಿಂತ ಸ್ವಲ್ಪ ದೊಡ್ಡದು, ಒಂದ ಒಂದು ಕಣ ಕುಂತ್ರ ಕತಿ ಮುಗೀತು. ಅದನ್ನ ಬೆಳಕಿಗೆ ಹಿಡದು ನೋಡ್ರಿ, ದುಂಡಗ ಬೆಳಕು ಕಾಣಬೇಕು. ತಂತಿ ಹಾಕಿ ತಿವಿಬ್ಯಾಡ್ರಿ, ಹಿತ್ತಾಳಿ ಮೆತ್ತಗ ಇರ್ತೈತಿ, ತೂತು ದೊಡ್ಡದಾದ್ರ ಮುಂದ ಎಷ್ಟು ಟ್ಯೂನ್ ಮಾಡಿದ್ರೂ ಕರಿ ಹೊಗಿ ಹೋಗಂಗಿಲ್ಲ. ಬಾಯಿಂದ ಊದ್ರಿ, ಇಲ್ಲಾ ಪಂಕ್ಚರ್ ಅಂಗಡಿ ಗಾಳಿ ಹಿಡೀರಿ.

ಈಗಿನ ಪೆಟ್ರೋಲಿನ್ಯಾಗ ಎಥನಾಲ್ ಕೂಡಿರ್ತೈತಿ, ಅದು ಹಳೇ ಕಾಲದ ರಬ್ಬರನ್ನ ಮೆತ್ತಗ ಮಾಡಿ ಬಿರಿಸ್ತೈತಿ, ಗಾಳ್ಯಾಗಿನ ನೀರು ಹೀರ್ಕೋತೈತಿ. ಹಂಗಾಗಿ ಪೆಟ್ರೋಲ್ ಪೈಪ್ ಎಲ್ಲಾ ಹೊಸಾವು, ಎಥನಾಲ್ ತಡಕೊಳ್ಳೋವು ಹಾಕ್ರಿ, ಎಂಜಿನ್ನಿನ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಬದಲಿಸ್ರಿ, ಮತ್ತ ಮೇಳ ಮುಗದ ಮ್ಯಾಲೆ ತಿಂಗಳುಗಟ್ಲೆ ನಿಂದ್ರಸೋದಿದ್ರ ಕಾರ್ಬೊರೇಟರ್ ಖಾಲಿ ಮಾಡಿ ಇಡ್ರಿ. ಸೀಸ ಕೂಡಿಸಿದ ಪೆಟ್ರೋಲ್ ನಮ್ಮ ದೇಶದಾಗ 2000ನೇ ಇಸವಿಗೆ ಬಂದ್ ಆತು, ಆ ಸೀಸ ಹಳೇ ಎಂಜಿನ್ನಿನ ವಾಲ್ವ್ ಸೀಟು ಸವಿದಂಗ ಕಾಯ್ತಿತ್ತು, ಅದಕ್ಕ ಟ್ಯಾಪೆಟ್ ಸಂದು (ವಾಲ್ವ್ ಮತ್ತ ಅದನ್ನ ಒತ್ತೋ ಭಾಗದ ನಡುವಿನ ಸಂದು) ಆಗಾಗ ನೋಡ್ಕೊಂತಿರ್ರಿ, ಇದ್ದ ಸಂದು ಕಡಿಮಿ ಆಗ್ತಾ ಬಂದ್ರ ಸೀಟು ಸವಿಯಾಕತ್ತೈತಿ ಅಂತ ಅರ್ಥ.

ಕಿಡಿ ಬರದಿದ್ರ ನೂರಕ್ಕ ತೊಂಬತ್ತು ಸಲ ಡೆಲ್ಕೋದಾಗಿನ (ಪ್ಲಗ್ಗಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್) ಪಾಯಿಂಟ್ ಕಾರಣ ಅಂತ ಕಾಕಾ ಹೇಳ್ತಿದ್ದ. ಪಾಯಿಂಟಿನ ಬಾಯಿಗೆ ಬೂದಿ ಬಣ್ಣದ ಪದರ ಕುಂತಿರ್ತೈತಿ, ಸಣ್ಣ ಪಾಲಿಶ್ ಪೇಪರ್ ತುಂಡು ನಡುವ ಹಿಡದು ಎಳದು, ಆಮ್ಯಾಲೆ ಬಟ್ಟಿಯಿಂದ ಒರಸ್ರಿ. ಅಂಬಾಸಿಡರ್ ಪೆಟ್ರೋಲ್ ಎಂಜಿನ್ನಿಗೆ ಪಾಯಿಂಟ್ ಸಂದು 0.4 ಮಿ.ಮೀ. ಹತ್ರ, ಪ್ಲಗ್ ಸಂದು 0.6 ಮಿ.ಮೀ. ಹತ್ರ ಇಡ್ರಿ. ಪ್ಲಗ್ ವಾಯರ್ ಕೂಡ್ರಿಸಾಕ ಅಂಬಾಸಿಡರ್ ಇರ್ಲಿ ಫಿಯಾಟ್ ಇರ್ಲಿ ಕಿಡಿ ಬೀಳೋ ಸರದಿ 1-3-4-2, ಇದನ್ನ ಬಾನೆಟ್ ಒಳಗ ಬರದಿಟ್ರ ಮುಂದಿನವರಿಗೂ ಉಪಯೋಗ.

ಎಂಜಿನ್ ಚಾಲೂ ಆದ ಖುಷಿಗೆ ರಸ್ತೆಗೆ ಇಳಿಬ್ಯಾಡ್ರಿ. ಮೊದಲ ಬ್ರೇಕ್. ನಿಂತ ಗಾಡ್ಯಾಗ ವ್ಹೀಲ್ ಸಿಲಿಂಡರ್ ಜಾಮ್ ಆಗಿರ್ತಾವು, ನಾಕೂ ಬಿಚ್ಚಿ ರಬ್ಬರ್ ಕಿಟ್ ಹಾಕ್ರಿ, ಮಾಸ್ಟರ್ ಸಿಲಿಂಡರಿಗೂ ಹಾಕ್ರಿ, ಹಳೇ ಆಯಿಲ್ ಎಲ್ಲಾ ತಗದು ಬ್ರೇಕ್ ಆಯಿಲ್ಲ ಹಾಕ್ರಿ, ಎಂಜಿನ್ ಆಯಿಲ್ ಹನಿ ಬಿದ್ರೂ ರಬ್ಬರ್ ಉಬ್ಬಿ ಬ್ರೇಕ್ ಹಿಡಕೊಂಡುಬಿಡ್ತೈತಿ. ಟಾಯರ್ ಮ್ಯಾಲಿನ ಅಚ್ಚು ಚೆಂದ ಐತಲ್ಲ ಅಂತ ಮೋಸ ಹೋಗಬ್ಯಾಡ್ರಿ. ಬಾಜೂಕ ನಾಕು ಅಂಕಿ ಇರ್ತಾವು, 3518 ಅಂತ ಇದ್ರ 2018ರ 35ನೇ ವಾರದಾಗ ತಯಾರಾಗಿದ್ದು ಅಂತ. ಅಂಚಿನ್ಯಾಗ ಬಿರುಕು ಬಿಟ್ಟಿದ್ರ ಮೇಳಕ್ಕ ಟೆಂಪೋದಾಗ ಹೇರ್ಕೊಂಡು ಬರ್ರಿ, ಅದರಾಗ ಸಣ್ಣತನ ಏನಿಲ್ಲ.

ಕಾಗದಪತ್ರ ಮತ್ತ ಕಾಯ್ದೆ

ಹಾಟ್ ರಾಡ್ ಚಿತ್ರ ನೋಡಿ ಹುಡುಗ್ರು ಕೇಳ್ತಾರ, "ಅಣ್ಣಾ, ಪದ್ಮಿನಿ ಛತ್ತು ಕೊಯ್ದು ಜಪಾನಿ ಎಂಜಿನ್ ಹಾಕೋಣೇನ್ರಿ" ಅಂತ. ಬ್ಯಾಡ್ರಪಾ. 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿ ಕೊಟ್ಟ ವಿವರಕ್ಕ ಹೊಂದದಂಗ ಗಾಡಿ ಬದಲಿಸೋ ಹಂಗಿಲ್ಲ, 2019ರ ಜನೇವರಿಯಾಗ ಸುಪ್ರೀಂ ಕೋರ್ಟ್ ಕೂಡ ಇದನ್ನ ಗಟ್ಟಿ ಮಾಡೇತಿ. ಕಾಯ್ದೆ ಒಂದು ಕಡೆ ಇರ್ಲಿ, ಅಮೆರಿಕದಾಗ ಆ ಹುಡುಗ್ರು ಕೊಯ್ದದ್ದು ಆವತ್ತಿಗೆ ಕೋಟಿಗಟ್ಲೆ ಇದ್ದ ಗಾಡಿ, ನಮ್ಮ ಊರಾಗ ಈಗ ಚೊಲೋ ಬಾಡಿ ಇರೋ ಹೆರಾಲ್ಡ್ ಎಷ್ಟು ಉಳದಾವು ಹೇಳ್ರಿ. ಹೊಳ್ಳಿ ಬಿಚ್ಚಬಹುದಾದ ಶೃಂಗಾರ ಮಾಡ್ರಿ. ಕೈಗೆರಿ, ವ್ಹೀಲ್ ಕ್ಯಾಪ್, ಕಾಜಿನ ಮ್ಯಾಲಿನ ತಗಡಿನ ಛಜ್ಜಾ, ಎರಡು ಬಣ್ಣದ ಸೀಟು, ಬಂಪರಿಗೆ ನಿಕಲ್. ಗಾಡಿ ಬಣ್ಣನ ಪೂರಾ ಬದಲಿಸಿದ್ರ ಆರ್‌ಸಿದಾಗ ನಮೂದಿಸ್ಬೇಕು.

ಗಾಡಿಗೆ 50 ವರ್ಷ ದಾಟಿದ್ರ, ಚಾಸಿ ಬಾಡಿ ಎಂಜಿನ್ ಮೂಲದಂಗ ಇದ್ರ, 2021ರ ಕೇಂದ್ರ ನಿಯಮದಾಗ ವಿಂಟೇಜ್ ಅಂತ ನೋಂದಣಿ ಮಾಡಸಬಹುದು, ಕಾರಿಗೂ ಐತಿ ಬೈಕಿಗೂ ಐತಿ. ಆ ನಿಯಮದಾಗ ಹೊಸಾ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡಿತೈತಿ, ಆಮ್ಯಾಲೆ ಮತ್ತ ಮಾಡಸಾಕ 5,000. ಮೊದಲ ನೋಂದಣಿ ಇದ್ದ ಗಾಡಿ ತನ್ನ ಹಳೇ ನಂಬರ್ ಇಟ್ಕೋಬಹುದು, ಇಲ್ಲದ್ದಕ್ಕ ವಿಎ ಅಕ್ಷರದ ನಂಬರ್ ಬರ್ತೈತಿ. ಆದ್ರ ವಿಂಟೇಜ್ ಆದ ಮ್ಯಾಲೆ ದಿನಾ ಓಡಸೋ ಹಂಗಿಲ್ಲ, ಬಾಡಿಗಿಗಂತೂ ಇಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಸೋದು ಇಂಥಾದ್ದಕ್ಕ ಅಷ್ಟ. ವಾರಕ್ಕೊಮ್ಮೆ ಸಂತಿಗೆ ಹೋಗೋ ಗಾಡಿ ಇದ್ರ ಸಾದಾ ಆರ್‌ಸಿ ರಿನೀವಲ್ ಮಾಡಿಸ್ಕೋರಿ.

ನಮ್ಮ ಕಡೆ ದೊಡ್ಡ ತೊಡಕು ಅಂದ್ರ ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಿಲೆ ಇರ್ತೈತಿ. ವಾರಸುದಾರರ ಹೆಸರಿಗೆ ಮಾಡಸಾಕ 31ನೇ ನಮೂನಿ ಐತಿ, ಅಣ್ಣತಮ್ಮಂದಿರು ಎಲ್ಲಾ ಒಪ್ಪಿಗಿ ಕೊಡಬೇಕಾಗ್ತೈತಿ, ಗಾಡಿಗೆ ರೊಕ್ಕ ಹಾಕೋಕಿಂತ ಮೊದಲ ಇದನ್ನ ಮುಗಸ್ರಿ. ರಿಪೇರಿ ಆಗಿ ಹೊಳಿಯಾಕತ್ತಿದ ಮ್ಯಾಲೆ ಪಾಲು ಕೇಳಾಕ ಬಂದದ್ದು ನಾ ನೋಡೀನಿ.

ಜಾಗ, ಹೊತ್ತು, ಸಾಲು

ಹುಬ್ಬಳ್ಳ್ಯಾಗ ನೆಹರು ಮೈದಾನ, ಧಾರವಾಡದಾಗ ಕೆಸಿಡಿ ಮೈದಾನ ಅಂತ ಮೊದಲ ದಿನಕ್ಕ ದೊಡ್ಡ ಕನಸು ಕಾಣಬ್ಯಾಡ್ರಿ. ನಾವು ಮಾಡಿದ್ದು ಪರಿಚಯದವರ ಕಲ್ಯಾಣ ಮಂಟಪದ ಅಂಗಳದಾಗ, ಧನುರ್ಮಾಸದಾಗ. ಡಿಸೆಂಬರ್ ನಡುವಿನಿಂದ ಸಂಕ್ರಮಣದ ತನಕಾ ಮದಿವಿ ಇರಂಗಿಲ್ಲ, ಮಂಟಪ ಖಾಲಿ ಬಿದ್ದಿರ್ತೈತಿ, ಬಾಡಿಗಿ ಮಾತಾಡಾಕ ಬರ್ತೈತಿ, ನೀರು, ಪಾಯಖಾನಿ, ಕುರ್ಚಿ ಎಲ್ಲಾ ಅಲ್ಲೇ ಐತಿ, ಮತ್ತ ಮುಂಜಾನೆ ತಂಪು ಇರ್ತೈತಿ. ಹಳ್ಳಿ ಕಡೆ ಮಾಡೋರು ಎರಿ ಹೊಲದ ಬಯಲು ಆರಿಸ್ಬ್ಯಾಡ್ರಿ, ಒಂದು ಸಣ್ಣ ಮಳಿ ಬಂದ್ರ ಗಾಲಿಗೆ ಕರೆ ಮಣ್ಣು ಮೆತ್ತಿ ಮಡ್‌ಗಾರ್ಡಿನ ತನಕಾ ತುಂಬ್ಕೋತೈತಿ, ಎತ್ತು ಹೂಡಿ ಎಳಿಬೇಕಾಗ್ತೈತಿ. ಗರಸು ನೆಲ ನೋಡ್ರಿ.

ಸಾರ್ವಜನಿಕ ಜಾಗ ಇದ್ರ ಪಾಲಿಕೆ ಇಲ್ಲಾ ಪಂಚಾಯ್ತಿ ಪರವಾನಗಿ, ಮೈಕ್ ಹಚ್ಚಿದ್ರ ಪೊಲೀಸ್ ಪರವಾನಗಿ, ಎಲ್ಲಾ ಬರದು ಕೊಟ್ಟು ಸಿಕ್ಕಾ ಹಾಕಿಸ್ಕೊಂಡು ಬರ್ರಿ. ಪುಡಿ ತುಂಬಿದ ಬೆಂಕಿ ಆರಿಸೋ ಸಿಲಿಂಡರ್ ನಾಕು ಗಾಡಿಗೆ ಒಂದರಂಗ ಇರ್ಲಿ, ಹಳೇ ಪೆಟ್ರೋಲ್ ಪೈಪು ಮತ್ತ ಹಳೇ ವಾಯರ್ ಕೂಡಿದಲ್ಲಿ ಅದಿಲ್ಲದ ನಾವು ಗೇಟ್ ತಗಿಯಂಗಿಲ್ಲ.

ಹೊತ್ತು ಅಂದ್ರ ಮುಂಜಾನೆ ಏಳರಿಂದ ಹನ್ನೊಂದು. ಬಿಸಿಲು ಏರಿದ್ರ ಹಳೇ ಗಾಡ್ಯಾಗ ಪೆಟ್ರೋಲ್ ಪಂಪಿನ್ಯಾಗ ಆವಿ ಆಗಿ ಎಂಜಿನ್ ನಿಂದಿರ್ತಾವು, ಹಂಗ ಆದ್ರ ಗಾಬರಿ ಬ್ಯಾಡ, ಪಂಪಿನ ಮ್ಯಾಲೆ ಹಸಿ ಬಟ್ಟಿ ಹಾಕಿ ಹತ್ತು ನಿಮಿಷ ಬಿಡ್ರಿ.

ನಿಂದ್ರಸೋದು ಹೆಂಗಂದ್ರ, ಎರಡು ಗಾಡಿ ನಡುವ ಮೂರು ಮಂದಿ ನಿಂತು ಮಾತಾಡೋವಷ್ಟು ಜಾಗ ಬಿಡ್ರಿ, ಬಾನೆಟ್ ಎಲ್ಲಾ ತಗದಿರ್ಲಿ. ಹೆರಾಲ್ಡ್ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕ ಮಗಚ್ತೈತಿ, ಅದಕ್ಕ ಮುಂದ ಜಾಗ ಜಾಸ್ತಿ ಬೇಕು. ಹಗ್ಗ ಕಟ್ಟಬ್ಯಾಡ್ರಿ. ಗೆಳೆಯರು ಹಗ್ಗ ಬೇಕ ಬೇಕು ಅಂದಿದ್ರು, ನಾ ಒಪ್ಪಲಿಲ್ಲ, ಹುಡುಗ್ರಿಗೆ ಸ್ಟೇರಿಂಗ್ ಹಿಡಿಯಾಕ ಬಿಡಬೇಕು, ಪದ್ಮಿನಿ ಸ್ಟೇರಿಂಗ್ ಕೆಳಗಿನ ಗೇರ್ ರಾಡ್ ಒಮ್ಮೆ ಎಳದು ನೋಡ್ಲಿ. ಅಮೆರಿಕದವರಂಗ ಕೆಳಗ ಕನ್ನಡಿ ನಾವೂ ಇಟ್ವಿ, ಕಟಿಂಗ್ ಅಂಗಡಿಯಿಂದ ಎರಡು ಹಳೇ ಕನ್ನಡಿ ತಂದು ಅಂಬಾಸಿಡರ್ ಕೆಳಗ ಹಾಕಿದ್ರ ಸಣ್ಣ ಮಕ್ಕಳು ಅಲ್ಲಿಂದ ಏಳಲಿಲ್ಲ.

ಪ್ರತಿ ಗಾಡಿಗೆ ಒಂದು ಹಲಿಗಿ ಇಡ್ರಿ, ಅದರಾಗ ಮಾಡೆಲ್, ಇಸವಿ ಎರಡು ಸಾಲು ಸಾಕು. ಉಳದದ್ದು ಯಾರು ತಂದ್ರು, ಏನೇನು ಕೆಲಸಕ್ಕ ಹೋಗೈತಿ, ಯಾರು ರಿಪೇರಿ ಮಾಡಿದ್ರು ಅನ್ನೋದು. ಮೆಕ್ಯಾನಿಕ್, ಟಿಂಕರ್, ಕುಶನ್‌ದವರ ಹೆಸರು ಮಾಲಕರ ಹೆಸರಿನಷ್ಟ ದೊಡ್ಡ ಅಕ್ಷರದಾಗ ಬರೀರಿ, ಅವರನ್ನ ಮನಿಗೆ ಹೋಗಿ ಕರದು ಬರ್ರಿ, ಫೋನ್‌ನ್ಯಾಗ ಕರಿಬ್ಯಾಡ್ರಿ. ಬಹುಮಾನ ಒಂದ ಇಟ್ವಿ, ಬಂದವರೆಲ್ಲಾ ತಮಗ ಹಿಡಿಸಿದ ಗಾಡಿ ಮುಂದಿನ ಬುಟ್ಟ್ಯಾಗ ಒಂದು ಸೇವಂತಿಗಿ ಹೂ ಹಾಕೋದು, ಕಡಿಗೆ ಹೂ ಎಣಿಸೋದು. ಗೆದ್ದದ್ದು ಪೂರಾ ಮಾಸಿದ ಒಂದು ಲ್ಯಾಂಬ್ರೆಟಾ. ತಿನ್ನಾಕ ಗಿರಮಿಟ್ಟು, ಮಿರ್ಚಿ, ಚಹಾ, ಒಲಿ ಮಾತ್ರ ಗಾಡಿ ಸಾಲಿನಿಂದ ದೂರ, ಗಾಳಿ ಬೀಸೋ ದಿಕ್ಕು ನೋಡಿ ಹಾಕ್ರಿ.

ಕೈಗೆರಿ ಎಳಿಯೋ ಪೇಂಟರ್‌ನ ಕರಸ್ರಿ, ಎಲ್ಲಾಕ್ಕಿಂತ ದೊಡ್ಡ ಗದ್ಲ ಅಲ್ಲೇ ಕೂಡ್ತೈತಿ. ಫ್ಲೆಕ್ಸ್ ಬಂದ ಮ್ಯಾಲೆ ಇವರ ಕೆಲಸ ಹೋಗೈತಿ, ಆದ್ರ ಕೈ ಮರತಿಲ್ಲ. ಕಾಕಾನ ಜೀಪಿಗೆ ಗೆರಿ ಎಳದವರನ್ನ ಹುಡುಕಿ ಹಳೇ ಹುಬ್ಬಳ್ಳಿಯಿಂದ ಕರ್ಕೊಂಡು ಬಂದಿದ್ವಿ, ವಯಸ್ಸಾಗಿತ್ತು, ಕಣ್ಣಿಗೆ ದಪ್ಪ ಚಸ್ಮಾ. ಜೀಪಿನ ಬಾನೆಟ್ ಮ್ಯಾಲೆ ಅಂಗೈ ಆಡಿಸಿ "ಭಾಳ ತಿಕ್ಯಾರಲ್ಲೋ ತಮ್ಮಾ" ಅಂದ್ರು, ಅಷ್ಟ. ಆಮ್ಯಾಲೆ ಹಳದಿ ಎನಾಮಲ್ಲಿಗೆ ಟರ್ಪಂಟೈನ್ ಹನಿ ಹನಿ ಹಾಕಿ ಒಂದು ಕಾಜಿನ ತುಂಡಿನ ಮ್ಯಾಲೆ ಕುಂಚ ಹಿಂದ ಮುಂದ ಆಡಿಸಿದ್ರು, ಬಣ್ಣ ಕೂದಲಿನ ತುದಿ ತನಕಾ ಕುಡೀಬೇಕು, ಹನಿ ಇಳಿಬಾರದು. ಕುಂಚದ ಕೂದಲು ಬೆರಳುದ್ದ. ಕಿರುಬೆರಳು ತಗಡಿಗೆ ಊರಿ, ಉಸಿರು ಬಿಗಿ ಹಿಡದು, ಕೈ ಅಲ್ಲ, ಇಡೀ ಮೈನ ಹಿಂದಕ್ಕ ಹೆಜ್ಜಿ ಇಟ್ಕೋತ ಒಂದ ಎಳತಕ್ಕ ಬಾನೆಟ್ಟಿನ ಮೂಗಿನಿಂದ ಕಾಜಿನ ತನಕಾ ಗೆರಿ ತಂದ್ರು. ಅಳತಿ ಹಗ್ಗ ಇಲ್ಲ, ಟೇಪ್ ಇಲ್ಲ. ನಡುವ ಒಂದು ಕಡೆ ಗೆರಿ ಸ್ವಲ್ಪ ದಪ್ಪ ಆತು. ಒರಿಸಿ ಮತ್ತ ಎಳಿಲಿ ಏನು ಅಂತ ಕಾಕಾನ ಕಡೆ ನೋಡಿದ್ರು. ಕುರ್ಚಿ ಮ್ಯಾಲೆ ಕುಂತಿದ್ದ ಕಾಕಾ "ಮೊದಲಿಂದೂ ಅಲ್ಲೇ ದಪ್ಪ ಇತ್ತು, ಇರ್ಲಿ" ಅಂದ.

ಇಂಥಾ ಕೆಲಸಕ್ಕ ರೊಕ್ಕ ಮೊದಲ ಮಾತಾಡಿ, ಅವತ್ತ ಕೈಗೆ ಕೊಡ್ರಿ, ಶಾಲು ಹೊಚ್ಚಿ ಕಳಸೋದಷ್ಟ ಮಾಡಬ್ಯಾಡ್ರಿ.

ಹನ್ನೊಂದಕ್ಕ ಸಾಲಿನಿಂದ ಒಂದೊಂದ ಗಾಡಿ ಬಿಡ್ರಿ, ದೂರದೂರಿನವರು ಮೊದಲ, ಪ್ರತಿಯೊಬ್ಬರ ಹಿಂದ ಪಾನಾ, ಪ್ಲಗ್, ನೀರಿನ ಕ್ಯಾನ್ ಇಟ್ಕೊಂಡ ಒಂದು ಬೈಕು ಊರ ಹೊರಗಿನ ತನಕಾ ಹೋಗಿ ಬರ್ಲಿ. ಎಲ್ಲಾ ಹೋದ ಮ್ಯಾಲೆ ಅಂಗಳದಾಗ ಆಯಿಲ್ ಹನಿ ಬಿದ್ದಲ್ಲಿ ಸಾಮಿಲ್ಲಿನ ಕಟಗಿ ಹುಡಿ ಹಾಕಿ, ಕಾಲಿಂದ ತಿಕ್ಕಿ, ಹುಡಿ ಚೀಲದಾಗ ತುಂಬ್ಕೊಂಡು ಹೋಗ್ರಿ, ಕಲ್ಲಿನ ಮ್ಯಾಲೆ ಕಲೆ ಉಳದ್ರ ಮಂಟಪದವರು ಮುಂದಿನ ವರ್ಷ ಜಾಗ ಕೊಡಂಗಿಲ್ಲ. ಮನಿ ಮುಟ್ಟಿದವರು ಫೋನ್ ಮಾಡ್ಲಿ ಅಂತ ಹೇಳ್ರಿ, ಎಲ್ಲಾರ ಫೋನ್ ಬರೋತನಕಾ ನೀವು ಊಟಕ್ಕ ಕೂಡಬ್ಯಾಡ್ರಿ. ನಮ್ಮ ಧಾರವಾಡದ ಅಜ್ಜಾರ ಫೋನ್ ಮಧ್ಯಾಹ್ನ ಮೂರಕ್ಕ ಬಂತು, ಮನಿಗೆ ಹೋಗದ ಮೊಮ್ಮಗಳನ್ನ ಕೂಡ್ರಿಸ್ಕೊಂಡು ಸೀದಾ ಕೆಲಗೇರಿ ಕೆರಿ ಕಡೆ ಹೋಗಿದ್ರಂತ.